ನಲವತ್ತಾರೂ ಸರಿಯಾಗಿವೆ

ಬಿ.ಎಸ್ಸಿ. ಮುಗಿಸಿ ನಾನು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಾಗ, ನನ್ನ ಕೆಲಸ ಏನೆಂದು ಊರಿಗೆ ಹೇಳುವ ಜವಾಬ್ದಾರಿಯನ್ನು ಅಮ್ಮ ತಾನೇ ವಹಿಸಿಕೊಂಡಳು. ಮಧುಗಿರಿಯಲ್ಲಿ ಯಾರು ಕೇಳಿದರೂ "ರಕ್ತ ಪರೀಕ್ಷೆ" ಎನ್ನುತ್ತಿದ್ದಳು. ರಕ್ತವೆಂದರೆ ಮರ್ಯಾದಸ್ಥರ ಮೈಯಲ್ಲೂ ಹರಿಯುವಂಥದ್ದು, ಅದರ ಬಗ್ಗೆ ನಾಲ್ಕು ಜನರ ಮುಂದೆ ಮಾತಾಡಬಹುದು. ನಾನು ನಿಜಕ್ಕೂ ಪರೀಕ್ಷೆ ಮಾಡುತ್ತಿದ್ದುದು ವಯಸ್ಸಾದ ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಚೂರುಗಳನ್ನು. ಮೂತ್ರಕೋಶದ ಬಾಯಿಯ ಕೆಳಗೆ ಕೂತಿರುವ ಆ ಗ್ರಂಥಿ ಗಂಡಸರಿಗೆ ಮಾತ್ರ ಇರುತ್ತದೆ. ಮದುವೆಯಾಗದ ಹೆಣ್ಣುಮಗಳೊಬ್ಬಳು ಬೆಳಗಿನಿಂದ ಸಂಜೆಯವರೆಗೆ ಅದನ್ನು ಹೆಚ್ಚುತ್ತಾ ಕೂರುತ್ತಾಳೆ ಎಂದು ಗೊತ್ತಾದರೆ ನನ್ನ ಜಾತಕ ಕೇಳಲು ಯಾರು ಬರುತ್ತಿದ್ದರು? ಅಮ್ಮನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆದರೂ ಯಾರೂ ಬರಲಿಲ್ಲ, ಅದು ಬೇರೆ ಮಾತು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಪ್ರಯೋಗಾಲಯದ ಡಾಕ್ಟರಿಗೆ ಒಂದು ಹುಚ್ಚು ಹಿಡಿದಿತ್ತು. ಪ್ರಾಸ್ಟೇಟ್ ಕ್ಯಾನ್ಸರ್ ಆದವರ ಕೋಶಗಳಲ್ಲಿ ವರ್ಣತಂತುಗಳು ಎಲ್ಲಿ ಮುರಿದಿವೆ, ಯಾವುದು ಕಳೆದುಹೋಗಿದೆ, ಯಾವುದರ ತುಂಡು ಯಾವುದಕ್ಕೆ ಅಂಟಿಕೊಂಡಿದೆ ಎಂದು ಪತ್ತೆ ಮಾಡಬೇಕು. ಅವರು ವಿದೇಶದಲ್ಲಿ ಕಲಿತು ಬಂದಿದ್ದರು. ಅಲ್ಲಿಂದ ವಿದ್ಯೆಯನ್ನು ತಂದರು, ಸಲಕರಣೆಗಳನ್ನು ಅಲ್ಲೇ ಬಿಟ್ಟು ಬಂದರು.

ಆಪರೇಷನ್ ಕೋಣೆಯಿಂದ ಚಿಕ್ಕ ಬಾಟಲಿಯಲ್ಲಿ ಮಾಂಸದ ಚೂರುಗಳು ಬರುತ್ತಿದ್ದವು. ಅವನ್ನು ಇನ್ನೂ ಸಣ್ಣಗೆ ಹೆಚ್ಚಿ, ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ ಹಾಕಿ, ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟು ಕಾಯಬೇಕು. ಎರಡು ಮೂರು ವಾರದಲ್ಲಿ ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಹಬ್ಬುತ್ತವೆ. ಹಾಗೆ ಎರಡಾಗುವ ಹೊತ್ತಿನಲ್ಲೇ ಔಷಧಿ ಹಾಕಿ ತಡೆದು, ನೀರು ಕುಡಿಸಿ ಉಬ್ಬಿಸಿ, ಗಾಜಿನ ಪಟ್ಟಿಯ ಮೇಲೆ ಎತ್ತರದಿಂದ ಹನಿಸಿದರೆ ಕೋಶ ಬಿರಿದು ಒಳಗಿನ ವರ್ಣತಂತುಗಳು ಚೆಲ್ಲಿಕೊಳ್ಳುತ್ತವೆ. ಅವಕ್ಕೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಮೂಲಕ ಫೋಟೋ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿ, ಒಂದೊಂದೇ ವರ್ಣತಂತುವನ್ನು ಕತ್ತರಿಯಿಂದ ಕತ್ತರಿಸಿ, ಉದ್ದಗಿಡ್ಡ ನೋಡಿ, ಪಟ್ಟೆ ನೋಡಿ, ಜೋಡಿ ಜೋಡಿಯಾಗಿ ರಟ್ಟಿನ ಮೇಲೆ ಗೋಂದಿನಲ್ಲಿ ಅಂಟಿಸಬೇಕು. ನೆಟ್ಟಗಿರುವ ಮನುಷ್ಯನಿಗೆ ಇಪ್ಪತ್ತಮೂರು ಜೋಡಿ, ಒಟ್ಟು ನಲವತ್ತಾರು. ನೆಂಟರೊಬ್ಬರು ಒಮ್ಮೆ ಬೆಂಗಳೂರಿಗೆ ಬಂದವರು ನನ್ನನ್ನು ನೋಡಲು ಪ್ರಯೋಗಾಲಯಕ್ಕೇ ಬಂದರು. ಹತ್ತು ನಿಮಿಷ ನಿಂತು ನೋಡಿ, ಊರಿಗೆ ಹೋಗಿ ಸುದ್ದಿ ಹಬ್ಬಿಸಿದರು: "ಬಿ.ಎಸ್ಸಿ. ಓದ್ಬುಟ್ಟು ಬೆಂಗ್ಳೂರಲ್ಲಿ ಕಾಗ್ದ ಕತ್ತರಿಸಿ ಅಂಟುಸ್ತಾಳೆ ಕಣ್ಲಾ! ಅದ್ನ ಒಂದನೇ ಕ್ಲಾಸಿನ್ ಮಕ್ಳೂ ಮಾಡ್ತವೆ." ಅಂದಿನಿಂದ ಊರಿನ ಪ್ರತಿ ಮದುವೆಯಲ್ಲೂ ನನ್ನನ್ನು ಕರೆದು, ಚಪ್ಪರಕ್ಕೆ ಬಣ್ಣದ ಕಾಗದ ಕತ್ತರಿಸಿ ಕೊಡುತ್ತೀಯೇನಮ್ಮ ಎಂದು ಕೇಳುವುದು ಒಂದು ರೂಢಿಯಾಯಿತು.

ಅವರಿಗೆ ಗೊತ್ತಿಲ್ಲದ, ನಮಗೆ ಮಾತ್ರ ಗೊತ್ತಿದ್ದ ಇನ್ನೊಂದು ವಿಷಯವಿತ್ತು. ಈ ಗ್ರಂಥಿಯ ಕ್ಯಾನ್ಸರ್ ಕೋಶ ಮನುಷ್ಯನ ಒಳಗೆ ಇರುವಾಗ ಹಠಮಾರಿ, ನಮ್ಮ ಬಾಟಲಿಗೆ ಬಂದ ಕೂಡಲೇ ಮಹಾ ಸುಕುಮಾರ. ಎಷ್ಟು ಉಣಿಸಿದರೂ ಬೆಳೆಯದೆ ಸಾಯುತ್ತಿತ್ತು. ಚೂರಿನ ಜೊತೆ ಅಂಟಿಕೊಂಡು ಬಂದ ಒಳ್ಳೆಯ ಕೋಶಗಳು ಮಾತ್ರ ಕಳೆಯ ಹಾಗೆ ಬಾಟಲಿಯ ತುಂಬ ಹಬ್ಬುತ್ತಿದ್ದವು. ಮೂರು ವಾರ ಕಾದು, ಬಣ್ಣ ಹಾಕಿ, ಫೋಟೋ ತೆಗೆದು, ಕತ್ತರಿಸಿ ಅಂಟಿಸಿದ ಮೇಲೆ ನೋಡಿದರೆ ನಲವತ್ತಾರು. ಕ್ಯಾನ್ಸರ್ ಆದ ಮನುಷ್ಯನ, ಕ್ಯಾನ್ಸರ್ ಆಗದ ಕೋಶ. ಕಳ್ಳನನ್ನು ಹಿಡಿಯಲು ಹೋಗಿ ಪಕ್ಕದ ಮನೆಯ ಮೇಷ್ಟರ ಫೋಟೋ ತೆಗೆದುಕೊಂಡು ಬರುವ ಪೊಲೀಸರಾಗಿದ್ದೆವು ನಾವು. ಡಾಕ್ಟರು ಪ್ರತಿಸಲವೂ ನಿಟ್ಟುಸಿರು ಬಿಟ್ಟು "ನೆಕ್ಸ್ಟ್" ಎನ್ನುತ್ತಿದ್ದರು.

ಇಂಥಾ ಕಾಲದಲ್ಲಿ ನಮ್ಮ ದೊಡ್ಡಪ್ಪನಿಗೆ ಮೂತ್ರ ಕಟ್ಟಿಕೊಂಡಿತು.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ಚನ್ನರಾಯನದುರ್ಗದ ಹತ್ತಿರ ಅವನ ಮನೆ, ಕುರಿಮಂದೆ, ಕುರಿ ಕೂಡುವ ರೊಪ್ಪ. ಅಪ್ಪ ಕುರಿ ಬಿಟ್ಟು ಮಧುಗಿರಿ ಸೇರಿ ಸರ್ಕಾರಿ ಜವಾನನಾದ, ದೊಡ್ಡಪ್ಪ ಕುರಿಯ ಜೊತೆಗೇ ಉಳಿದ. ಆದರೆ ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ನಾಲ್ಕು ತಾಲ್ಲೂಕಿನಲ್ಲೂ ಅವನ ಹೆಸರು ಓಡಾಡುತ್ತಿದ್ದುದು ಕುರಿಯಿಂದಲ್ಲ, ಕೈಯಿಂದ. ಟಗರಿನ ಬೀಜ ಒಡೆಯುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಎರಡು ಕೋಲು, ಬೇವಿನೆಣ್ಣೆ, ಅರಿಶಿನ, ಅಷ್ಟೇ ಅವನ ಆಸ್ಪತ್ರೆ. ಒಡೆಸಿಕೊಂಡ ಟಗರು ಗುದ್ದಾಟ ಬಿಟ್ಟು, ಮೇದು ಮೇದು ಕೊಬ್ಬಿ, ಸಿರಾ ಸಂತೆಯಲ್ಲಿ ಒಳ್ಳೆ ಗಿರಾಕಿ ಹಿಡಿಯುತ್ತಿತ್ತು. "ಚಾಚಾ ಕಾ ಹಾಥ್", ಚಾಚಾನ ಕೈ ಬಿದ್ದದ್ದು, ಎಂದು ಅಲ್ಲಿಯ ಮಾಂಸದಂಗಡಿಯ ಸಾಬರು ಟಗರಿನ ಬೆನ್ನು ತಟ್ಟುತ್ತಿದ್ದರು. ಪಾವಗಡದ ಕಡೆಯಿಂದಂತೂ ತೆಲುಗಿನಲ್ಲಿ ಕರೆ ಬರುತ್ತಿತ್ತು, ದೊಡ್ಡಪ್ಪ ಕನ್ನಡದಲ್ಲಿ ಹೋಗುತ್ತಿದ್ದ, ಟಗರಿಗೆ ಎರಡೂ ಭಾಷೆ ಬೇಕಾಗಿರಲಿಲ್ಲ. ಸರ್ಕಾರದ ಪಶುವೈದ್ಯರು ಇಕ್ಕಳ ಹಿಡಿದುಕೊಂಡು ಜೀಪಿನಲ್ಲಿ ಬಂದರೂ ಜನ "ನಮ್ಮ ಅಜ್ಜ ಬತ್ತನೆ, ನೀವ್ ಕಾಫಿ ಕುಡುದು ಓಗಿ ಸ್ವಾಮಿ" ಎನ್ನುತ್ತಿದ್ದರು.

ಹಾಗೆ ಒಂದು ದಿನ ಪಾವಗಡದಿಂದ ಬರುವ ಬಸ್ಸಿನಲ್ಲಿ ಅವನಿಗೆ ಒಂದಕ್ಕೆ ಬರದೆ ಹೊಟ್ಟೆ ಬಿಗಿಯಿತು. ಕಂಡಕ್ಟರ್ ಮೂರು ಕಡೆ ಬಸ್ಸು ನಿಲ್ಲಿಸಿದ, ಮೂರು ಕಡೆಯೂ ದೊಡ್ಡಪ್ಪ ಜಾಲಿ ಗಿಡದ ಹಿಂದೆ ನಿಂತು ಬರಿಗೈಯಲ್ಲಿ ವಾಪಸ್ಸು ಬಂದ. ನಾಲ್ಕನೇ ಸಲ ಕೇಳಲು ನಾಚಿಕೆಯಾಗಿ ಮಧುಗಿರಿಯ ತನಕ ಹಲ್ಲು ಕಚ್ಚಿ ಕೂತ. ಮಧುಗಿರಿಯ ಆಸ್ಪತ್ರೆಯಲ್ಲಿ ರಬ್ಬರ್ ಕೊಳವೆ ಹಾಕಿ ಮೂತ್ರ ತೆಗೆದು, ಬೆಂಗಳೂರಿಗೆ ಹೋಗು ಎಂದು ಚೀಟಿ ಬರೆದರು. ಬೆಂಗಳೂರಿನಲ್ಲಿ, ನಮ್ಮ ಆಸ್ಪತ್ರೆಯಲ್ಲೇ, ದಾರಿಗೆ ಅಡ್ಡ ಬೆಳೆದಿದ್ದ ಗ್ರಂಥಿಯನ್ನು ಕೆರೆದು ಮೂತ್ರ ಬಿಡಿಸಿದರು. ಕೆರೆದ ಚೂರುಗಳಲ್ಲಿ ಅರ್ಧ ರೋಗ ಗುರುತಿಸುವವರಿಗೆ ಹೋಯಿತು, ಅರ್ಧ ನನ್ನ ಬಾಟಲಿಗೆ ಬಂತು. ವಾರದೊಳಗೆ ರೋಗ ಗುರುತಿಸುವವರು ಅನುಮಾನಕ್ಕೆ ಎಡೆಯಿಲ್ಲದಂತೆ ಕ್ಯಾನ್ಸರ್ ಎಂದು ಬರೆದರು. ಸೊಂಟದ ಎಕ್ಸ್‌ರೇಯಲ್ಲೂ ಒಂದೆರಡು ಬಿಳಿ ಮಚ್ಚೆ ಕಂಡವು.

ಸರ್ಜನ್‌ಗೆ ಕನ್ನಡ ಬರುತ್ತಿರಲಿಲ್ಲ, ಕಲಿಯುವ ಪುರುಸೊತ್ತೂ ಇರಲಿಲ್ಲ. ದುಭಾಷಿಯಾಗಿ ಇಡೀ ಆಸ್ಪತ್ರೆಯಲ್ಲಿ ಅವರ ಕಣ್ಣಿಗೆ ಬಿದ್ದವಳು ನಾನು, ರೋಗಿಯ ತಮ್ಮನ ಮಗಳು. ಈ ಗ್ರಂಥಿಯ ಕ್ಯಾನ್ಸರ್ ಬದುಕುವುದೇ ಬೀಜದಲ್ಲಿ ತಯಾರಾಗುವ ರಸದ ಮೇಲೆ, ಎರಡು ಬೀಜವನ್ನೂ ತೆಗೆದರೆ ರೋಗ ಬಾಡುತ್ತದೆ, ಇವರ ಎದೆ ಸರಿಯಿಲ್ಲದ್ದರಿಂದ ಮಾತ್ರೆ ಕೊಡಲು ಧೈರ್ಯವಿಲ್ಲ, ಆಪರೇಷನ್ ಅರ್ಧ ಗಂಟೆಯ ಕೆಲಸ, ತಿಂಗಳೊಳಗೆ ಬನ್ನಿ, ತಡ ಮಾಡಿದರೆ ಬೆನ್ನುಮೂಳೆಗೆ ಹೋಗುತ್ತದೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿ, "ಟೆಲ್ ಹಿಮ್" ಎಂದು ಅವರು ಮುಂದಿನ ಹಾಸಿಗೆಗೆ ಹೋದರು.

"ಡಾಕ್ಟ್ರು ಇನ್ನೊಂದು ಸಣ್ಣ ಆಪರೇಷನ್ ಮಾಡ್ಬೇಕಂತೆ, ದೊಡ್ಡಪ್ಪ," ಎಂದೆ.

"ಆಗ್ಲೇ ಮಾಡುದ್ರಲ್ಲವ್ವಾ?"

"ಇದು ಬೇರೆ."

"ಎಲ್ಲಿಗೆ?"

ನಾನು ಕಿಟಕಿಯ ಕಡೆ ನೋಡಿದೆ. ದಿನಾ ಬೆಳಗಾದರೆ ಗಂಡಸರ ಗ್ರಂಥಿ ಹೆಚ್ಚುವ ವಿಜ್ಞಾನಿಗೆ ಮನೆಯ ಹಿರಿಯನ ಮುಂದೆ ಒಂದು ಶಬ್ದ ಬಾಯಿಗೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ನಾಲ್ಕು ತಾಲ್ಲೂಕಿನ ಟಗರುಗಳ ಮುಖ ನೋಡಿದ ಮನುಷ್ಯ ಅವನು, ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡ.

"ನನ್ ಕಸುಬು ನಂಗೇ ಮಾಡ್ತಾರಾ?" ಎಂದ.

ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮನಿಗೆ ಇಂಥಾ ಸಂಕೋಚಗಳಿಲ್ಲ. ಅವಳು ಪಾವಗಡದ ಆಚೆ ರಾಯಚರ್ಲು ಕಡೆಯವಳು, ಮಾತಿನಲ್ಲಿ ಅರ್ಧ ತೆಲುಗು, ಪೂರ್ತಿ ಖಾರ. "ಪೋನೀ, ತೆಗುದ್ರೆ ತೆಗೀಲಿ ಬುಡು. ಮೊಮ್ಮಕ್ಳಾದ್ವು. ಇಟ್ಕಂಡು ಯಾರಿಗೆ ಬಳುವಳಿ ಕೊಡ್ತೀಯಾ?" ಎಂದಳು. ಆಚೆ ಹಾಸಿಗೆಯವನು ನಗು ತಡೆಯಲಾರದೆ ಕೆಮ್ಮಿದ.

ದೊಡ್ಡಪ್ಪ ನಗಲಿಲ್ಲ. "ನಿಂಗೇನೇ ಗೊತ್ತು. ಒಡುದ್ಮ್ಯಾಲೆ ಟಗರು ಹೆಂಗಾಯ್ತದೆ ಅಂತ ನಂಗೊತ್ತು. ಮಂದೇಲಿ ಇನ್ನೊಂದ್ ಟಗರು ಅದುಕ್ಕೆ ದಾರಿ ಬುಡಾಕಿಲ್ಲ. ಸಿರಾ ಸಂತೇಲಿ ನಾ ಹೆಂಗೆ ನಿಂತ್ಕಳ್ಳಿ? 'ಅಜ್ಜುನ್ಗೂ ಆತಂತೆ ಕಣ್ಲಾ' ಅಂತ ನಗಾಕಿಲ್ವಾ?" ಎಂದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಜೀವದ ಪ್ರಶ್ನೆ ಬಂದಾಗ ಗಂಡಸರು ಮೊದಲು ಸಂತೆಯನ್ನು ನೆನೆಸಿಕೊಳ್ಳುತ್ತಾರೆ ಎಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ. ಊರಿಗೆ ಹೋಗಿ ಯೋಚನೆ ಮಾಡಿ ತಿಂಗಳೊಳಗೆ ಬರುತ್ತೇನೆ ಎಂದು ಹೇಳಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಅವನು ಬಸ್ಸು ಹತ್ತಿದ.

ಇತ್ತ ನನ್ನ ಬಾಟಲಿಯಲ್ಲಿ ದೊಡ್ಡಪ್ಪ ಬೆಳೆಯುತ್ತಿದ್ದ. ಬೇರೆಯವರ ಚೂರುಗಳಿಗೆ ತೋರಿಸದ ಅಕ್ಕರೆಯನ್ನೆಲ್ಲ ಆ ಬಾಟಲಿಗೆ ತೋರಿಸಿದೆ. ಭಾನುವಾರವೂ ಹೋಗಿ ದ್ರವ ಬದಲಿಸಿದೆ. ಮೂರನೇ ವಾರ ಹನಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಅಷ್ಟು ಚೆಂದದ ಹರಡಿಕೆಯನ್ನು ನಾನು ಅಲ್ಲಿಯವರೆಗೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಒಂದರ ಮೇಲೊಂದು ಬೀಳದೆ, ಪಟ್ಟೆಗಳೆಲ್ಲ ಎಣಿಸುವಷ್ಟು ಸ್ಪಷ್ಟವಾಗಿ, ನಲವತ್ತಾರೂ ಬಿಡಿಬಿಡಿಯಾಗಿ ನಿಂತಿದ್ದವು. ಡಾಕ್ಟರು ಬಂದು ನೋಡಿದರು. "ತುಂಬಾ ಚೆನ್ನಾಗಿದೆ. ಪಾಠಕ್ಕೆ ತೋರಿಸಬಹುದು. ಆದರೆ ಇದು ಒಳ್ಳೆ ಕೋಶ ಕಣಮ್ಮ, ಕ್ಯಾನ್ಸರಿನದಲ್ಲ. ಅವು ಸತ್ತಿವೆ," ಎಂದು ನಿಟ್ಟುಸಿರಿಟ್ಟು "ನೆಕ್ಸ್ಟ್" ಎಂದರು.

ನಾನು ಕೇಳಿಸಿಕೊಂಡೆ. ಚೆನ್ನಾಗಿಯೇ ಕೇಳಿಸಿಕೊಂಡೆ. ಇದನ್ನು ಒತ್ತಿ ಹೇಳುವುದೇಕೆಂದರೆ, ನನಗೆ ಗೊತ್ತಿರಲಿಲ್ಲ ಎಂದು ಮುಂದೆ ಹೇಳಿಕೊಳ್ಳುವ ಅವಕಾಶ ನನಗಿಲ್ಲ. ಆ ದಿನ ಸಂಜೆ ಇನ್ನೊಂದು ಪ್ರಿಂಟ್ ಹಾಕಿ, ಕತ್ತರಿಸಿ, ರಟ್ಟಿಗೆ ಅಂಟಿಸಿ, ಅಂಚಿಗೆ ಕಪ್ಪು ಗೆರೆ ಎಳೆದು ಚೀಲದಲ್ಲಿ ಇಟ್ಟುಕೊಂಡೆ. ಬಂದ ಭಾನುವಾರ ದೊಡ್ಡಪ್ಪನ ಮನೆಯಲ್ಲಿ ಮೊಮ್ಮಗುವಿನ ಮುಡಿ ಕೊಟ್ಟ ಊಟವಿತ್ತು. ನೆಂಟರೆಲ್ಲ ಸೇರುತ್ತಾರೆ. ಕಾಗದ ಕತ್ತರಿಸುವವಳು ಏನು ಕತ್ತರಿಸುತ್ತಾಳೆ ಎಂದು ಒಂದು ಸಲ ನೋಡಿಬಿಡಲಿ.

ಊಟಕ್ಕೆ ಮೊದಲು, ಚಪ್ಪರದಡಿ, ಎಲ್ಲರ ನಡುವೆ ಆ ರಟ್ಟನ್ನು ದೊಡ್ಡಪ್ಪನ ಕೈಗಿಟ್ಟೆ. "ಇದು ನಿನ್ನ ಮೈ ಒಳಗಿಂದು, ದೊಡ್ಡಪ್ಪ. ನಿನ್ನ ಅಪ್ಪ ಅಮ್ಮನಿಂದ ನಿಂಗೆ ಬಂದದ್ದು. ನಲವತ್ತಾರೂ ಸರಿಯಾಗಿವೆ."

ದೊಡ್ಡಪ್ಪ ರಟ್ಟನ್ನು ಬಿಸಿಲಿಗೆ ಹಿಡಿದ. ಬೆಳಿಗ್ಗೆ ರೊಪ್ಪದಿಂದ ಕುರಿ ಬಿಡುವಾಗಲೂ ಸಂಜೆ ತುಂಬುವಾಗಲೂ ಅವನು ಎಣಿಸುತ್ತಿದ್ದುದು ಜೊತೆ ಲೆಕ್ಕದಲ್ಲಿ. ಅದೇ ರೀತಿ ಉಗುರಿಟ್ಟು ಜೊತೆ ಜೊತೆಯಾಗಿ ಎಣಿಸಿದ. ಎರಡು ಸಲ ಎಣಿಸಿದ. "ಇಪ್ಪತ್ತ್‌ಮೂರ್ ಜೊತೆ. ಒಂದೂ ಕಳ್ದಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ಕೊನೆಯ ಜೊತೆಯ ಮೇಲೆ ಬೆರಳಿಟ್ಟು, "ಇದ್ಯಾಕವ್ವಾ, ಎತ್ತಿನ್ ಪಕ್ಕ ಕರ ಕಟ್ದಂಗೈತೆ?" ಎಂದು ಕೇಳಿದ.

"ಆ ಚಿಕ್ಕದೇ ದೊಡ್ಡಪ್ಪ, ಗಂಡಸನ್ನ ಗಂಡಸು ಮಾಡೋದು."

ಗಂಡಸರೆಲ್ಲ ಬಗ್ಗಿ ನೋಡಿದರು. "ಇಷ್ಟೇ ಇಷ್ಟಾ?" ಎಂದು ಒಬ್ಬರು ನಿರಾಸೆಯಿಂದ ಹೇಳಿದರು. ಹೆಂಗಸರ ಕಡೆಯಿಂದ ನಗು ಎದ್ದಿತು. ದೊಡ್ಡಪ್ಪನ ಮುಖ ಮಾತ್ರ ಮೂರು ವಾರದಲ್ಲಿ ಮೊದಲ ಸಲ ಅರಳಿತು. "ಚಿಕ್ಕದೋ ದೊಡ್ಡದೋ, ಐತಲ್ಲ! ಅಲ್ಲ ಕಣ್ರಲಾ, ಸಂಜೆ ಎಣುಸ್ದಾಗ ಎಣಿಕೆ ಕಮ್ಮಿ ಬಂದ್ರೆ ತೋಳ ಬಿದ್ದೈತೆ ಅಂತ. ಎಣಿಕೆ ಸರಿ ಇದ್ರೆ? ತೋಳ ಬಿದ್ದಿಲ್ಲ. ಡಾಕ್ಟ್ರು ಇಲ್ದಿರೋ ತೋಳಕ್ಕೆ ಎದ್ರುಕಂಡು ನನ್ನ ಒಡೀತೀನಿ ಅಂತಾರೆ!"

"ನಿಜ ನಿಜ," ಎಂದಿತು ಚಪ್ಪರ.

ನಾನು ಬಾಯಿ ತೆರೆದೆ. ಇದು ತೋಳ ಬಿದ್ದ ಮಂದೆಯಲ್ಲ ದೊಡ್ಡಪ್ಪ, ಪಕ್ಕದ ರೊಪ್ಪದ್ದು, ಎಂದು ಹೇಳಿದ್ದರೆ ಸಾಕಿತ್ತು. ಅವನ ಭಾಷೆಯಲ್ಲೇ ಹೇಳಬಹುದಿತ್ತು. ಅಷ್ಟರಲ್ಲಿ, ನಾನು ಕಾಗದ ಕತ್ತರಿಸುತ್ತೇನೆಂದು ಊರು ತುಂಬ ಸಾರಿದ ಅದೇ ನೆಂಟರು ಎದ್ದು ಬಂದು, "ಬಾವ್ವಾ, ನೀನ್ ಮೊದ್ಲು ಕುಂತ್ಕ. ಏನ್ ಓದಿದ್ಯೆ ತಾಯಿ! ಮನ್ಸನ್ ಒಳಗಿಂದೆಲ್ಲ ಎಣುಸ್ಬುಟ್ಟವಳೆ!" ಎಂದು ಗಂಡಸರ ಮೊದಲ ಪಂಕ್ತಿಯಲ್ಲಿ ನನಗೆ ಎಲೆ ಹಾಕಿಸಿದರು. ನಮ್ಮ ಮನೆತನದಲ್ಲಿ ಹೆಂಗಸೊಬ್ಬಳು ಮೊದಲ ಪಂಕ್ತಿಯಲ್ಲಿ ಕೂತದ್ದು ಅದೇ ಮೊದಲು. ನಾನು ತೆರೆದ ಬಾಯಿಗೆ ಮುದ್ದೆ ಇಟ್ಟುಕೊಂಡೆ. ಸಾರು ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ಕೈ ತೊಳೆಯುವಾಗ ದೊಡ್ಡಮ್ಮ ಚೊಂಬು ಹಿಡಿದು ನನ್ನ ಪಕ್ಕ ಬಂದು ನಿಂತಳು. "ಅಂಗಾದ್ರೆ ಆಪರೇಸನ್ ಬ್ಯಾಡ್ವೇನೆ?"

"ನೋಡೋಣ ದೊಡ್ಡಮ್ಮ," ಎಂದೆ.

ನೋಡೋಣ! ಎಂಥಾ ಉಪಕಾರಿ ಶಬ್ದ. ಸುಳ್ಳೂ ಅಲ್ಲ, ನಿಜವೂ ಅಲ್ಲ, ಹೇಳಿದವರ ಕೈಗೆ ಏನೂ ಅಂಟುವುದಿಲ್ಲ. ಸರ್ಕಾರಿ ಕಚೇರಿಗಳು ಇದರ ಮೇಲೆಯೇ ನಿಂತಿವೆ, ಆವತ್ತು ನಾನೂ ನಿಂತೆ.

ಆ ರಟ್ಟು ದೊಡ್ಡಪ್ಪನ ಜೊತೆ ತಿರುಗಾಟ ಶುರು ಮಾಡಿತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬೇವಿನೆಣ್ಣೆಯ ಸೀಸೆಯ ಪಕ್ಕದಲ್ಲೇ ಇಟ್ಟುಕೊಂಡು ಹೋಗುತ್ತಿದ್ದನಂತೆ. ಸಿರಾದ ಸಾಬರು ನೋಡಿ "ವಾಹ್ ಚಾಚಾ" ಎಂದರಂತೆ. ಪಾವಗಡದ ಟಗರು ಯಜಮಾನನೊಬ್ಬ ಎಣಿಸಿ "ಅನ್ನೀ ಸರಿಗ್ಗಾ ಉನ್ನಾಯಿ" ಎಂದು ತೆಲುಗಿನಲ್ಲಿ ದೃಢಪಡಿಸಿದನಂತೆ. ಕೊರಟಗೆರೆಯ ಬಸ್ ಸ್ಟಾಂಡಿನ ಹೋಟೆಲಿನಲ್ಲಿ ಅದನ್ನು ನೋಡಿದವರು ತಮ್ಮದೂ ಒಂದು ತೆಗೆಸಿಕೊಡಲು ಸಾಧ್ಯವೇ ಎಂದು ಅಪ್ಪನ ಮೂಲಕ ನನಗೆ ಹೇಳಿ ಕಳಿಸಿದರು. ವಿದೇಶದ ಪತ್ರಿಕೆಗಳಲ್ಲಿ ತಮ್ಮ ಸಂಶೋಧನೆ ಅಚ್ಚಾಗಬೇಕೆಂದು ನಮ್ಮ ಡಾಕ್ಟರು ಒದ್ದಾಡುತ್ತಿದ್ದರು. ನನ್ನದು ಆಗಲೇ ನಾಲ್ಕು ತಾಲ್ಲೂಕಿನಲ್ಲಿ ಪ್ರಕಟವಾಗಿತ್ತು.

ತಿಂಗಳು ಕಳೆಯಿತು. ಸರ್ಜನ್ ಕಾರಿಡಾರಿನಲ್ಲಿ ಸಿಕ್ಕಿ, ನಿನ್ನ ದೊಡ್ಡಪ್ಪ ಬರಲಿಲ್ಲವಲ್ಲ ಎಂದರು. ಮಂದೆ ನೋಡಿಕೊಳ್ಳುವವರಿಲ್ಲ ಸಾರ್, ಬರುತ್ತಾರೆ, ಎಂದೆ. ಎರಡನೇ ತಿಂಗಳು ಕೇಳಿದರು. ಮೂರನೆಯದರಲ್ಲಿ ಕೇಳುವುದನ್ನು ಬಿಟ್ಟರು. ನಾನು ಎರಡು ಸಲ ಊರಿಗೆ ಹೋದೆ. ಎರಡೂ ಸಲ ಹೇಳಿಬಿಡಬೇಕೆಂದುಕೊಂಡೇ ಬಸ್ಸು ಹತ್ತಿದೆ, ಎರಡೂ ಸಲ ದೊಡ್ಡಪ್ಪ ನನ್ನನ್ನು ಯಾರೋ ಹೊಸಬರ ಮುಂದೆ ನಿಲ್ಲಿಸಿ "ಇವ್ಳೇ ಕಣಪ್ಪ ಎಣುಸ್ದೋಳು" ಎಂದು ಪರಿಚಯ ಮಾಡಿಕೊಟ್ಟ. ನಾನು ಸೆರಗು ಸರಿ ಮಾಡಿಕೊಂಡು ನಿಂತೆ. ದೊಡ್ಡಪ್ಪ ಚೆನ್ನಾಗಿಯೇ ಓಡಾಡಿಕೊಂಡಿದ್ದಾನಲ್ಲ, ಸರ್ಜನ್‌ಗಳು ಹೆದರಿಸುವುದು ಇದ್ದದ್ದೇ ಎಂದು ಸಮಾಧಾನ ಮಾಡಿಕೊಂಡೆ. ನನ್ನ ಪದವಿಯ ಸರ್ಟಿಫಿಕೇಟು ಮಧುಗಿರಿಯ ಮನೆಯಲ್ಲಿ ಚೌಕಟ್ಟು ಹಾಕಿ ತೂಗು ಹಾಕಿದ್ದರು, ಅದರ ಕಡೆ ಮಾತ್ರ ನೋಡಲು ಹೋಗಲಿಲ್ಲ.

ಎಂಟನೇ ತಿಂಗಳು ಅಪ್ಪ ಆಸ್ಪತ್ರೆಗೆ ಫೋನ್ ಮಾಡಿಸಿದ. ದೊಡ್ಡಪ್ಪ ಪಾವಗಡದಿಂದ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಬಂದಿದ್ದ. ಬೆನ್ನಿನ ನೋವಿಗೆ ಪಟ್ಟು ಹಾಕಿಸಿ, ಬಿಸಿ ಮರಳಿನ ಶಾಖ ಕೊಟ್ಟು ವಾರ ಕಳೆದಿದ್ದರು. ಆ ದಿನ ಬೆಳಿಗ್ಗೆ ಎದ್ದು ನಿಲ್ಲಲು ಹೋದಾಗ ಕಾಲು ಬಂದಿರಲಿಲ್ಲ.

ನಾನು ಹೋದಾಗ ಮಧ್ಯಾಹ್ನ. ಹಜಾರದಲ್ಲಿ ಕಂಬಳಿಯ ಮೇಲೆ ಮಲಗಿದ್ದ. ಬೇರೆ ಯಾರೂ ಇರಲಿಲ್ಲ, ದೊಡ್ಡಮ್ಮ ಹಿಂದೆ ರೊಪ್ಪದಲ್ಲಿದ್ದಳು. ಚಪ್ಪಲಿ ಬಿಡುವಾಗಲೇ ಮಾತು ಶುರು ಮಾಡಿದೆ, ಕೂತರೆ ಮತ್ತೆ ಹೇಳಲಾರೆನೆಂದು. ನಾನು ಎಣಿಸಿದ್ದು ನಿನ್ನ ಒಳ್ಳೆ ಕೋಶಗಳನ್ನು ದೊಡ್ಡಪ್ಪ, ರೋಗದವು ನನ್ನ ಬಾಟಲಿಯಲ್ಲಿ ಬೆಳೆಯಲೇ ಇಲ್ಲ, ಸತ್ತವು. ಆ ರಟ್ಟಿಗೂ ನಿನ್ನ ಕಾಯಿಲೆಗೂ ಸಂಬಂಧವಿರಲಿಲ್ಲ. ನನಗದು ಗೊತ್ತಿತ್ತು.

"ಯಾವತ್ತಿಂದ ಗೊತ್ತಿತ್ತು?"

"ತರೋ ಮುಂಚಿನಿಂದಾನೇ."

ಅವನು ಚಾವಣಿ ನೋಡುತ್ತಾ ಮಲಗಿದ್ದ. ಬೈಯುತ್ತಾನೆ ಎಂದುಕೊಂಡೆ. ಬೈದರೆ ಸಾಕು ಎಂದೂ ಅಂದುಕೊಂಡೆ.

"ರೋಗದ್ ಕುರೀನೂ ಎಣಿಕೇಗೆ ಬತ್ತದೆ ಕಣವ್ವಾ," ಎಂದ. "ಗೂಡುರೋಗ ಬಂದು ನಾಳೆ ಸಾಯೋ ಕುರಿ ಇವತ್ತು ಸಂಜೆ ಎಣಿಸುದ್ರೆ ಲೆಕ್ಕುಕ್ಕೆ ಸಿಕ್ತದೆ. ಇಷ್ಟು ವರ್ಸ ಮಂದೆ ಕಾದೋನ್ಗೆ ಅದು ಗೊತ್ತಿರಾಕಿಲ್ವಾ?"

"ಮತ್ತೆ ಯಾಕೆ ದೊಡ್ಡಪ್ಪ ಎಲ್ಲರಿಗೂ ತೋರಿಸ್ಕೊಂಡು ತಿರುಗಿದೆ?"

"ಎದ್ರಿಕೆ ಕಣವ್ವಾ. ಒಡುಸ್ಕಳಾದು ಅಂದ್ರೆ ಏನು ಅಂತ ನಂಗಿಂತ ಗೊತ್ತಿರೋರು ಯಾರವ್ರೆ? ನೀನು ಓದ್ದೋಳು. ಹಿಂಗೆ ಊರೆಲ್ಲ ತೋರುಸ್ಕಂಡು ತಿರುಗುದ್ರೆ, ಒಂದಲ್ಲ ಒಂದ್ ದಿನ ನೀ ಬಂದು, 'ಏ ಮುದ್ಕಾ, ಸಾಕು ನಿಂದು, ನಡೀ ಆಸ್ಪತ್ರೆಗೆ' ಅಂತ ಬೈತೀಯಾ ಅನ್ಕಂಡಿದ್ದೆ. ಬಂದಾಗೆಲ್ಲ ಕಾಯ್ತಿದ್ದೆ. ನೀ ಬಯ್ಲೇ ಇಲ್ಲ."

ನಾನು ಅತ್ತೆ. ಅದರಲ್ಲಿ ವ್ಯಂಗ್ಯ ಮಾಡುವಂಥದ್ದೇನೂ ಇರಲಿಲ್ಲ.

ಮಾರನೇ ದಿನವೇ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಸರ್ಜನ್ ಏನೂ ಕೇಳಲಿಲ್ಲ, ಅರ್ಧ ಗಂಟೆಯಲ್ಲಿ ತಮ್ಮ ಕೆಲಸ ಮುಗಿಸಿದರು. ಅವರು ಮೊದಲು ಹೇಳಿದ್ದೆಲ್ಲ ನಿಜವೇ ಆಯಿತು. ರಾತ್ರಿಯಿಡೀ ನರಳಿಸುತ್ತಿದ್ದ ಬೆನ್ನಿನ ನೋವು ನಾಲ್ಕೈದು ದಿನದಲ್ಲಿ ಇಳಿಯಿತು. ದೊಡ್ಡಪ್ಪ ಎದ್ದು ಕೂತು ಮುದ್ದೆ ಕೇಳಿ ಉಂಡ. "ಇಷ್ಟೇನಾ? ನನ್ ಟಗರ್‌ಗಳು ಇದಕ್ಕಿಂತ ಜಾಸ್ತಿ ಕಿರುಚ್ತಾವೆ," ಎಂದು ಪಕ್ಕದ ಹಾಸಿಗೆಯವನಿಗೆ ಹೇಳಿದ. ನೋಡಲು ಬಂದ ನೆಂಟರಿಗೆ ತಾನೇ ಲುಂಗಿಯ ಕಡೆ ಕೈ ತೋರಿಸಿ ಸುದ್ದಿ ಹೇಳಿದ, ಯಾರೂ ನಗಲಿಲ್ಲ. ಆದರೆ ಕಾಲು ಮಾತ್ರ ಬರಲಿಲ್ಲ. ಬೆನ್ನುಹುರಿ ಅಮುಕಿ ತುಂಬಾ ದಿನವಾಗಿದೆ, ಇನ್ನು ಬರುವುದಿಲ್ಲ ಎಂದರು. ಅದನ್ನು ದುಭಾಷಿಯಾಗಿ ನಾನೇ ಹೇಳಿದೆ, ಈ ಸಲ ಕಿಟಕಿಯ ಕಡೆ ನೋಡಲಿಲ್ಲ.

ಊರಿಗೆ ಕರೆತಂದು ಹಜಾರದಲ್ಲಿ ಹಗ್ಗದ ಮಂಚ ಹಾಕಿ ಮಲಗಿಸಿದೆವು. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ನಾನು ರಜೆ ಹಾಕಿ ಒಂದು ವಾರ ಅಲ್ಲೇ ಉಳಿದೆ. ಹೊರಡುವ ಹಿಂದಿನ ದಿನ ದೊಡ್ಡಪ್ಪನಿಗೆ ನಿದ್ದೆ ಹತ್ತಿತ್ತು. ದೊಡ್ಡಮ್ಮ ಅವನ ಪಾದಕ್ಕೆ ಎ‌ಣ್ಣೆ ಸವರುತ್ತಾ ಕೂತಿದ್ದಳು. ಅವನಿಗೆ ಅದು ಗೊತ್ತಾಗುತ್ತಿರಲಿಲ್ಲ. ನನಗೆ ಅವಳು ಆವರೆಗೆ ಒಂದು ಮಾತೂ ಅಂದಿರಲಿಲ್ಲ.

"ಡಾಕ್ಟ್ರು ಏಳ್ದಾಗ್ಲೇ ಮಾಡ್ಸಿದ್ರೆ ಇವ್ನು ನಡೀತಿದ್ನೇನೆ?" ಎಂದಳು.

ನೋಡೋಣ ಎನ್ನುವ ಹಾಗಿರಲಿಲ್ಲ. ಏನಾಗುತ್ತಿತ್ತೋ ಯಾರಿಗೆ ಗೊತ್ತು ದೊಡ್ಡಮ್ಮ ಎನ್ನಬಹುದಿತ್ತು. ದೊಡ್ಡಪ್ಪನಿಗೂ ಗೊತ್ತಿತ್ತಂತೆ, ಅವನೇ ಹೆದರಿದ್ದನಂತೆ ಎಂದು ಅರ್ಧ ತಪ್ಪನ್ನು ಮಂಚದ ಮೇಲಿದ್ದವನ ಕಡೆ ಸರಿಸಬಹುದಿತ್ತು.

"ಹೂಂ ದೊಡ್ಡಮ್ಮ. ನಡೀತಿದ್ದ," ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಎಣ್ಣೆಯ ಬಟ್ಟಲನ್ನು ಮಂಚದ ಕೆಳಗಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದಳು.

"ಆ ಕಡೆ ಬಾ. ಮಗ್ಲು ತಿರುಗುಸ್ಬೇಕು," ಎಂದಳು.

ನಾನು ಆ ಕಡೆ ಹೋಗಿ ಅವನ ಮೊಣಕಾಲ ಕೆಳಗೆ ಎರಡೂ ಕೈ ಕೊಟ್ಟು ಎತ್ತಿದೆ. ತುಂಬಾ ಭಾರವಿತ್ತು.